ಸ್ನಾಯು ಬೆಳೆಸಲು ತೂಕ ಎತ್ತುವುದು: ಹೊಸಬರಿಗೆ ಮೊದಲ ಮೂರು ತಿಂಗಳು

ಜಿಮ್ ಸೇರಿದ ಹೊಸದರಲ್ಲಿ ಹೆಚ್ಚಿನವರು ಬೆವರನ್ನೂ ಮೈಕೈ ನೋವನ್ನೂ ಲೆಕ್ಕ ಹಿಡಿಯುತ್ತಾರೆ. ಬನಿಯನ್ ತೊಯ್ದರೆ ಇವತ್ತು ಚೆನ್ನಾಗಿ ಮಾಡಿದೆ, ನಾಳೆ ಮೆಟ್ಟಿಲು ಇಳಿಯಲಾಗದಿದ್ದರೆ ಇನ್ನೂ ಚೆನ್ನಾಗಿ ಮಾಡಿದೆ ಎಂಬ ಸಮಾಧಾನ. ಸ್ನಾಯುವಿಗೆ ಈ ಎರಡೂ ಮುಖ್ಯವಲ್ಲ. ನಾರುಗಳ ಮೇಲೆ ಎಷ್ಟು ಎಳೆತ ಬಿತ್ತು, ವಾರಗಳು ಕಳೆದಂತೆ ಅದು ಏರುತ್ತಿದೆಯೇ ಎಂಬುದರ ಮೇಲೆಯೇ ಬೆಳವಣಿಗೆ ನಿಂತಿದೆ. ಹೊಸಬರಿಗೆ ಬೇಕಾದದ್ದು ಕಡಿಮೆ: ಪ್ರತಿ ಸೆಟ್‌ನ ಕೊನೆಯಲ್ಲಿ ಮೂರು-ನಾಲ್ಕು ಕಷ್ಟದ ರೆಪ್‌ಗಳು, ತಿಂಗಳುಗಟ್ಟಲೆ ಬದಲಿಸದ ಕೆಲವೇ ವ್ಯಾಯಾಮಗಳು, ಮಾಡಿದ್ದನ್ನು ಬರೆದಿಡುವ ಒಂದು ನೋಟ್‌ಬುಕ್. ತೂಕವನ್ನು ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್, ನಡುವೆ ಬಿಡುವಿಲ್ಲದೆ ಮಾಡಿದ ರೆಪ್‌ಗಳೆಲ್ಲ ಸೇರಿ ಒಂದು ಸೆಟ್.

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ ಶುರು ಮಾಡಬೇಕು. ಉಳಿದವರಿಗೆ ವಯಸ್ಸು ಅಡ್ಡಿಯಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 90ರ ಆಸುಪಾಸಿನ ವೃದ್ಧರು 8 ವಾರ ಕಾಲಿನ ತೂಕದ ವ್ಯಾಯಾಮ ಮಾಡಿದಾಗ ಅವರ ಬಲವೂ ಏರಿತು, ತೊಡೆಯ ಸ್ನಾಯುವೂ ದಪ್ಪವಾಯಿತು.

ಒಳಗೆ ನಡೆಯುವುದೇನು?

ಸ್ನಾಯು ಎಂದರೆ ಉದ್ದನೆಯ ನಾರುಗಳ ಕಂತೆ. ಪ್ರತಿ ನಾರಿನೊಳಗೂ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ಸಾಲುಸಾಲಾಗಿ ಇರುತ್ತವೆ. ಮಯೋಸಿನ್ ಆಕ್ಟಿನ್ ಅನ್ನು ಹಿಡಿದು ಎಳೆದಾಗ ನಾರು ಕುಗ್ಗುತ್ತದೆ, ಕೀಲು ಮಡಚುತ್ತದೆ. ಎದುರಿಗೆ ಭಾರವಿದ್ದರೆ ಈ ಎಳೆತ ಹೆಚ್ಚು. ಆ ಎಳೆತವನ್ನು ನಾರು ರಾಸಾಯನಿಕ ಸಂಕೇತವಾಗಿ ಬದಲಿಸಿಕೊಂಡು ಹೊಸ ಪ್ರೋಟೀನ್ ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತದೆ. ಹೊಸಬರಲ್ಲಿ ಒಂದು ಸಲದ ವ್ಯಾಯಾಮದಿಂದ ಬರುವ ಈ ಚುರುಕು ಸುಮಾರು 24ರಿಂದ 48 ಗಂಟೆ ಉಳಿಯುತ್ತದೆ. ಹಳೆಯ ಪ್ರೋಟೀನ್ ಒಡೆಯುವ ಕೆಲಸವೂ ಜೊತೆಜೊತೆಗೇ ನಡೆದಿರುತ್ತದೆ. ಒಡೆದದ್ದಕ್ಕಿಂತ ಕಟ್ಟಿದ್ದು ಹೆಚ್ಚಾದರೆ ಇರುವ ನಾರುಗಳೇ ದಪ್ಪವಾಗುತ್ತವೆ. ಹೊಸ ನಾರುಗಳು ಹುಟ್ಟುವುದರಿಂದ ಸ್ನಾಯು ದೊಡ್ಡದಾಗುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಗಟ್ಟಿ ಆಧಾರವಿಲ್ಲ.

'ಸ್ನಾಯು ಹರಿದು ಮತ್ತೆ ಕೂಡಿಕೊಂಡಾಗ ದೊಡ್ಡದಾಗುತ್ತದೆ' ಎಂಬ ಮಾತು ಎಲ್ಲ ಜಿಮ್‌ಗಳಲ್ಲೂ ಕೇಳಿಬರುತ್ತದೆ. ಸಣ್ಣಪುಟ್ಟ ಗಾಯ ಆಗುವುದು ನಿಜ. ಆದರೆ ಅದನ್ನೇ ಗುರಿಯಾಗಿಸಿಕೊಂಡು ಮೈ ನುಜ್ಜುಗುಜ್ಜು ಮಾಡಿಕೊಂಡರೆ ದೇಹದ ಶಕ್ತಿ ರಿಪೇರಿಗೇ ಖರ್ಚಾಗುತ್ತದೆ, ಮುಂದಿನ ಎರಡು ದಿನದ ವ್ಯಾಯಾಮವೂ ಹಾಳಾಗುತ್ತದೆ. ಬೆಳವಣಿಗೆಯ ಮುಖ್ಯ ಕಾರಣ ಎಳೆತ. ಗಾಯ ಅದರ ಜೊತೆಗೆ ಬರುವ ಖರ್ಚು.

ಇನ್ನು ಕೊನೆಯ ರೆಪ್‌ಗಳ ವಿಷಯ. ಮೆದುಳು ಸ್ನಾಯುವಿನ ಎಲ್ಲ ನಾರುಗಳನ್ನೂ ಒಟ್ಟಿಗೆ ಕರೆಯುವುದಿಲ್ಲ. ಒಂದು ನರಕೋಶ ಮತ್ತು ಅದರ ಹಿಡಿತದಲ್ಲಿರುವ ನಾರುಗಳು ಸೇರಿ ಒಂದು ಗುಂಪು. ಸಣ್ಣ ಗುಂಪುಗಳು ಮೊದಲು ಕೆಲಸಕ್ಕಿಳಿಯುತ್ತವೆ, ಅವುಗಳಿಂದ ಆಗದಾಗ ದೊಡ್ಡವು ಬರುತ್ತವೆ. ನರವಿಜ್ಞಾನಿ ಎಲ್ವುಡ್ ಹೆನ್ನೆಮನ್ ತೋರಿಸಿಕೊಟ್ಟ ಈ ಕ್ರಮ ತೂಕ ಎತ್ತುವವರಿಗೆ ಬಹಳ ಮುಖ್ಯ. ಏಕೆಂದರೆ ಬೆಳೆಯುವ ಶಕ್ತಿ ಹೆಚ್ಚಿರುವ ನಾರುಗಳು ಆ ದೊಡ್ಡ ಗುಂಪುಗಳಲ್ಲೇ ಇವೆ. 30 ಸಲ ಎತ್ತಬಲ್ಲ ತೂಕವನ್ನು 12ಕ್ಕೇ ನಿಲ್ಲಿಸಿದರೆ ಅವುಗಳಲ್ಲಿ ಅನೇಕಕ್ಕೆ ಕರೆಯೇ ಹೋಗುವುದಿಲ್ಲ. 12 ಸಲವಷ್ಟೇ ಎತ್ತಬಲ್ಲ ತೂಕವನ್ನು 10 ಸಲ ಎತ್ತಿದರೆ ಕೊನೆಯ ರೆಪ್‌ಗಳ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಗುಂಪುಗಳೂ ಕೆಲಸದಲ್ಲಿರುತ್ತವೆ.

ಹಾಗಾಗಿಯೇ 5 ರೆಪ್‌ನ ಭಾರದಿಂದಲೂ 30 ರೆಪ್‌ನ ಹಗುರದಿಂದಲೂ ಸ್ನಾಯು ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತದೆ, ಸೆಟ್ ಅನ್ನು ಸುಸ್ತಿನ ಹತ್ತಿರದವರೆಗೆ ಒಯ್ದರೆ. ಆದರೂ ಹೊಸಬರಿಗೆ 8ರಿಂದ 12 ರೆಪ್‌ನ ನಡುದಾರಿಯೇ ಒಳ್ಳೆಯದು. 5 ರೆಪ್‌ನ ಭಾರದಲ್ಲಿ ಭಂಗಿ ಕೆಟ್ಟರೆ ಬೆಲೆ ದೊಡ್ಡದು. 30 ರೆಪ್‌ನ ಸೆಟ್‌ನಲ್ಲಿ ಸ್ನಾಯುವಿಗಿಂತ ಮೊದಲು ಉಸಿರೂ ಮನಸ್ಸೂ ಸೋಲುತ್ತವೆ.

ಮೊದಲ ಐದಾರು ವಾರ ಕನ್ನಡಿಯಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಆ ಹೊತ್ತಿನಲ್ಲಿ ತೂಕ ಬೇಗಬೇಗ ಏರುತ್ತದೆ, ಆದರೆ ಹೆಚ್ಚಿನ ಪಾಲು ನರಗಳ ಕಲಿಕೆ. ಹೆಚ್ಚು ನಾರುಗಳನ್ನು ಕರೆಯುವುದು, ಎದುರು ಸ್ನಾಯುವಿನ ಅನಗತ್ಯ ಬಿಗಿತ ಬಿಡುವುದು, ಬಾರ್ (ತೂಕದ ಪ್ಲೇಟ್ ಹಾಕುವ ಉದ್ದನೆಯ ಸರಳು) ಸಾಗುವ ದಾರಿಯನ್ನು ನೆನಪಿಟ್ಟುಕೊಳ್ಳುವುದು, ಇವೆಲ್ಲ ಈ ಕಲಿಕೆಯೇ. ಕಣ್ಣಿಗೆ ಕಾಣುವ ಗಾತ್ರ ಸಾಮಾನ್ಯವಾಗಿ ಎರಡು-ಮೂರು ತಿಂಗಳ ಮಾತು. ಆರನೇ ವಾರಕ್ಕೆ ಬೇಸತ್ತು ಬಿಡುವವರು ಬಿತ್ತನೆ ಮುಗಿಸಿ, ಮೊಳಕೆಗೆ ಕಾಯದೆ ಹೊಲ ಬಿಟ್ಟು ಬಂದಂತೆ.

ವಾರದ ಮೂರು ದಿನ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಪ್ರತಿ ಸಲವೂ ಇಡೀ ಮೈಗೆ ಕೆಲಸ. ಸೋಮವಾರ ಎದೆ, ಮಂಗಳವಾರ ಬೆನ್ನು ಎಂದು ಒಂದೊಂದು ದಿನ ಒಂದೊಂದು ಭಾಗಕ್ಕೆ ಇಡುವ ಪದ್ಧತಿ ಪಳಗಿದವರಿಗೆ ಇರಲಿ. ಹೊಸಬರಲ್ಲಿ ಕಟ್ಟುವ ಕೆಲಸ ಎರಡು ದಿನದಲ್ಲಿ ತಣ್ಣಗಾದ ಮೇಲೆ ಉಳಿದ ಐದು ದಿನ ಆ ಸ್ನಾಯು ಸುಮ್ಮನೆ ಕೂರುತ್ತದೆ. ಅಲ್ಲದೆ, ಭಾರ ಹೊತ್ತು ಕೂತೇಳುವ ಸ್ಕ್ವಾಟ್‌ನಂಥ ಚಲನೆಯನ್ನು ವಾರಕ್ಕೊಮ್ಮೆ ಮಾತ್ರ ಮಾಡಿದರೆ ಕೈಗೂಡುವುದೇ ತಡ.

'ಅ' ದಿನ: ಸ್ಕ್ವಾಟ್, ಡಂಬೆಲ್ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ ಮೇಲಕ್ಕೆ ತಳ್ಳುವುದು), ಒಂದು ಕೈಯ ಡಂಬೆಲ್ ರೋ (ಬಾಗಿ ನಿಂತು ಎಳೆಯುವುದು), ಮೀನಖಂಡಕ್ಕೆ ಕಾಫ್ ರೈಸ್ (ಹಿಮ್ಮಡಿ ಎತ್ತುವುದು), ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈ ನೆಟ್ಟಗೆ ಹಿಡಿಯುವುದು).

'ಆ' ದಿನ: ರೊಮೇನಿಯನ್ ಡೆಡ್‌ಲಿಫ್ಟ್, ಭುಜಕ್ಕೆ ಡಂಬೆಲ್ ಶೋಲ್ಡರ್ ಪ್ರೆಸ್, ಲ್ಯಾಟ್ ಪುಲ್‌ಡೌನ್ (ಮೆಷಿನ್‌ನಲ್ಲಿ ಮೇಲಿನ ಸರಳನ್ನು ಕೆಳಗೆಳೆಯುವುದು), ಲಂಜ್ (ಒಂದು ಹೆಜ್ಜೆ ಇಟ್ಟು ಮೊಣಕಾಲು ಮಡಚಿ ಇಳಿದು ಏಳುವುದು), ಬೈಸೆಪ್ಸ್ ಕರ್ಲ್ (ಮೊಣಕೈ ಮಡಚಿ ತೂಕ ಎತ್ತುವುದು).

ಒಂದು ವಾರ ಅ-ಆ-ಅ, ಮುಂದಿನ ವಾರ ಆ-ಅ-ಆ. ಮೊದಲ ಎರಡು ವಾರ ಎಲ್ಲಕ್ಕೂ ಎರಡೆರಡೇ ಸೆಟ್. ಮೂರನೇ ವಾರದಿಂದ ಮೊದಲ ಮೂರು ವ್ಯಾಯಾಮಗಳಿಗೆ ಮೂರು ಸೆಟ್, ಉಳಿದವಕ್ಕೆ ಎರಡು. ಹೀಗೆ ತಳ್ಳುವ ಸ್ನಾಯುಗಳಿಗೆ ವಾರಕ್ಕೆ 9 ಸೆಟ್, ಎಳೆಯುವವಕ್ಕೆ 9 ಸೆಟ್ ಸಿಗುತ್ತದೆ. ಆರಂಭಕ್ಕೆ ಇದು ಧಾರಾಳ. ಒಂದೊಂದು ಸ್ನಾಯುವಿಗೆ ವಾರಕ್ಕೆ 10ರಿಂದ 20 ಸೆಟ್ ಎಂಬ ಮಾತು ಮುಂದಿನ ಹಂತದವರಿಗೆ. ಮೊದಲ ದಿನವೇ 20 ಸೆಟ್ ಮಾಡಿದವರು ಎರಡನೇ ದಿನ ಬರುವುದಿಲ್ಲ.

ದೊಡ್ಡ ವ್ಯಾಯಾಮಗಳ ಸೆಟ್‌ಗಳ ನಡುವೆ 2ರಿಂದ 3 ನಿಮಿಷ ಕೂರಬೇಕು. ಕರ್ಲ್, ಕಾಫ್ ರೈಸ್‌ನಂಥವಕ್ಕೆ ಒಂದರಿಂದ ಒಂದೂವರೆ ನಿಮಿಷ. ಬಿಡುವು ಕಡಿತಗೊಳಿಸಿದರೆ ಎದೆ ಡವಗುಟ್ಟುತ್ತದೆ, ಕಷ್ಟಪಟ್ಟ ಭಾವನೆ ಬರುತ್ತದೆ, ಆದರೆ ಮುಂದಿನ ಸೆಟ್‌ನಲ್ಲಿ 10 ಆಗಬೇಕಿದ್ದಲ್ಲಿ 6 ಆಗುತ್ತದೆ. ಒಟ್ಟು ಎಳೆತ ಕಡಿಮೆಯಾಯಿತು ಎಂದೇ ಲೆಕ್ಕ.

ವಾರ್ಮಪ್‌ಗೆ 5 ನಿಮಿಷ ಚುರುಕು ನಡಿಗೆ ಅಥವಾ ಸೈಕಲ್ ಸಾಕು. ಆಮೇಲೆ ಮಾಡಬೇಕಾದ ವ್ಯಾಯಾಮವನ್ನೇ ಹಗುರವಾಗಿ ಮಾಡಬೇಕು. 40 ಕೆ.ಜಿ.ಯಲ್ಲಿ ಸ್ಕ್ವಾಟ್ ಇದ್ದರೆ ಮೊದಲು 20 ಕೆ.ಜಿ.ಯ ಬರಿ ಬಾರ್‌ನಲ್ಲಿ 10 ಸಲ, ನಂತರ 30 ಕೆ.ಜಿ.ಯಲ್ಲಿ 4 ಸಲ, ಆಮೇಲೆ ನಿಜವಾದ ಸೆಟ್. ನಿಂತ ಭಂಗಿಯಲ್ಲೇ ಒಂದು ನಿಮಿಷ ಮೀರಿ ಸ್ನಾಯು ಹಿಗ್ಗಿಸಿ ಹಿಡಿಯುವ ಅಭ್ಯಾಸ ವ್ಯಾಯಾಮದ ಮೊದಲು ಬೇಡ. ಬಲ ತುಸು ತಗ್ಗುತ್ತದೆ.

ತೂಕ ಎಷ್ಟು ಹಿಡಿಯಬೇಕು?

ಇದಕ್ಕೆ ಪಟ್ಟಿ ಇಲ್ಲ, ಪರೀಕ್ಷೆ ಇದೆ. ಸುಲಭ ಎನಿಸುವ ತೂಕ ಹಿಡಿದು 10 ರೆಪ್ ಮಾಡಿ. ಇನ್ನೂ ಎಷ್ಟು ಆಗುತ್ತಿತ್ತು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಆರಕ್ಕಿಂತ ಹೆಚ್ಚು ಎಂದರೆ ತೂಕ ಏರಿಸಿ, ಎರಡು ನಿಮಿಷ ಬಿಟ್ಟು ಮತ್ತೆ 10. 'ಇನ್ನು ಮೂರು ಆಗುತ್ತಿತ್ತೇನೋ' ಎನ್ನುವಲ್ಲಿಗೆ ಬಂದರೆ ಅದೇ ನಿಮ್ಮ ಆರಂಭದ ತೂಕ. ಮೊದಲ ಎರಡು-ಮೂರು ವಾರ ಕೈಯಲ್ಲಿ 3 ರೆಪ್ ಉಳಿಸಿಕೊಂಡೇ ನಿಲ್ಲಿಸಬೇಕು, ಭಂಗಿ ಕಲಿಯುವ ಸಮಯ ಅದು. ಆಮೇಲೆ 1 ಅಥವಾ 2 ಉಳಿಸಿದರೆ ಸಾಕು.

ತೊಡಕೆಂದರೆ, ಹೊಸಬರ ಅಂದಾಜು ಬಹಳ ಸಲ ತಪ್ಪಿರುತ್ತದೆ. ಸ್ನಾಯು ಉರಿಯಲು ಶುರುವಾದ ಕೂಡಲೇ ಮುಗಿಯಿತು ಎಂದುಕೊಳ್ಳುತ್ತಾರೆ. ಉರಿಯ ಮಾತು ನಂಬಬೇಡಿ, ವೇಗ ನೋಡಿ. ಡಂಬೆಲ್ ಪ್ರೆಸ್‌ನಲ್ಲಿ ಮೊದಲ ಆರು ರೆಪ್ ಒಂದೇ ಓಟದಲ್ಲಿ ಮೇಲೆ ಹೋಗುತ್ತವೆ. ಏಳು, ಎಂಟರಲ್ಲಿ ತೋಳು ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದಂತಾಗುತ್ತದೆ. ಒಂಬತ್ತರಲ್ಲಿ ನೀವು ಪೂರ್ತಿ ಬಲ ಹಾಕಿದರೂ ಡಂಬೆಲ್ ನಿಧಾನವಾಗಿ ಏರುತ್ತದೆ, ಎಡಗೈ ಬಲಗೈಗಿಂತ ಒಂದು ಬೆರಳಿನಷ್ಟು ಹಿಂದೆ ಬೀಳುತ್ತದೆ. ಬಲ ಹಾಕಿಯೂ ವೇಗ ತಾನಾಗಿ ಇಳಿದರೆ ಉಳಿದಿರುವುದು ಒಂದೋ ಎರಡೋ. ಅಲ್ಲಿ ನಿಲ್ಲಿಸಿ. ಕಾಫ್ ರೈಸ್, ಕರ್ಲ್, ಮೆಷಿನ್ ವ್ಯಾಯಾಮಗಳಲ್ಲಿ ಎರಡು ವಾರಕ್ಕೊಮ್ಮೆ ಕೊನೆಯ ಸೆಟ್ ಅನ್ನು ಇನ್ನು ಒಂದೂ ಆಗದು ಎನ್ನುವವರೆಗೆ ಒಯ್ದು ನೋಡಿದರೆ ಅಂದಾಜು ತಿದ್ದಿಕೊಳ್ಳುತ್ತದೆ. ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಲ್ಲಿ ಈ ಪರೀಕ್ಷೆ ಬೇಡ.

ಇಳಿಸುವಾಗಲೂ ಸ್ನಾಯು ಕೆಲಸ ಮಾಡುತ್ತಿರುತ್ತದೆ. 2ರಿಂದ 3 ಸೆಕೆಂಡ್ ಹಿಡಿತದಲ್ಲಿ ಇಳಿಸಿ, ಚುರುಕಾಗಿ ಎತ್ತಿ. ಎತ್ತಿದ ಕೂಡಲೇ ತೂಕವನ್ನು ಬಿದ್ದುಹೋಗಲು ಬಿಡುವವರು ಅರ್ಧ ಕೆಲಸವನ್ನು ಭೂಮಿಯ ಸೆಳೆತಕ್ಕೆ ಬಿಟ್ಟುಕೊಡುತ್ತಾರೆ. ಚಲನೆಯೂ ಪೂರ್ತಿಯಿರಲಿ, ಅದರಲ್ಲೂ ಸ್ನಾಯು ಹಿಗ್ಗಿರುವ ಕೆಳಗಿನ ಭಾಗ. ಆ ತುದಿಯಲ್ಲಿ ಬೀಳುವ ಎಳೆತ ಬೆಳವಣಿಗೆಗೆ ವಿಶೇಷವಾಗಿ ಒದಗುತ್ತದೆ. ಹೆಚ್ಚಿನವರು ಕದಿಯುವುದೂ ಅದನ್ನೇ.

ಸ್ಕ್ವಾಟ್, ಒಂದೊಂದೇ ಹೆಜ್ಜೆ

ಮೊದಲ ಎರಡು ವಾರ ಬಾರ್ ಬೇಡ. ಒಂದು ಡಂಬೆಲ್ ಅನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲಿನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಮಾಡುವ ಗಾಬ್ಲೆಟ್ ಸ್ಕ್ವಾಟ್‌ನಿಂದ ಶುರು ಮಾಡಿ. ಭಾರ ಮುಂದಿರುವುದರಿಂದ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಒಂದೇ ಡಂಬೆಲ್‌ನಲ್ಲಿ 20 ಕೆ.ಜಿ. ಹಿಡಿದು 12 ರೆಪ್ ಸಲೀಸಾಗಿ ಬಂದರೆ ಬಾರ್‌ಗೆ ಹೋಗಬಹುದು.

1. ರ‍್ಯಾಕ್‌ನ ಬಾರ್ ಕೂರಿಸುವ ಕೊಕ್ಕೆಗಳು ಎದೆಯ ನಡುಮಟ್ಟದಲ್ಲಿರಲಿ. ಎತ್ತರದಲ್ಲಿದ್ದರೆ ತುದಿಗಾಲಲ್ಲಿ ನಿಂತು ಬಾರ್ ತೆಗೆಯಬೇಕಾಗುತ್ತದೆ, ಸುಸ್ತಾದ ಮೇಲೆ ಮರಳಿ ಇಡುವುದು ಅಪಾಯ.

2. ಪಕ್ಕದ ಅಡ್ಡ ಸರಳುಗಳನ್ನು ನೀವು ಪೂರ್ತಿ ಕೂತಾಗ ಬಾರ್ ಬರುವ ಮಟ್ಟಕ್ಕಿಂತ ತುಸು ಕೆಳಗೆ ಹೊಂದಿಸಿ. ಏಳಲಾಗದಿದ್ದರೆ ಬಾರ್ ಅವುಗಳ ಮೇಲೆ ಕೂರುತ್ತದೆ. ಬರಿ ಬಾರ್‌ನಲ್ಲಿ ಒಮ್ಮೆ ಕೂತು ಸರಿಯಾಗಿದೆಯೇ ನೋಡಿ.

3. ಬಾರ್ ಕತ್ತಿನ ಮೂಳೆಯ ಮೇಲೆ ಕೂರಬಾರದು, ಅದರ ಕೆಳಗೆ ಹೆಗಲ ಮೇಲಿನ ಮಾಂಸಲ ಭಾಗದಲ್ಲಿ ಕೂರಬೇಕು. ಹೆಗಲ ಹಲಗೆಗಳನ್ನು ಹಿಂದಕ್ಕೆ ಸೆಳೆದರೆ ಅಲ್ಲೊಂದು ಮೆತ್ತೆ ಏಳುತ್ತದೆ.

4. ಎರಡು ಹೆಜ್ಜೆ ಹಿಂದೆ ಬನ್ನಿ. ಪಾದಗಳ ನಡುವೆ ಭುಜದಗಲ, ಬೆರಳುಗಳು 15ರಿಂದ 30 ಡಿಗ್ರಿ ಹೊರಮುಖ.

5. ಹೊಟ್ಟೆ ತುಂಬ ಉಸಿರೆಳೆದು, ಯಾರೋ ಗುದ್ದಲು ಬಂದರೆ ಬಿಗಿ ಮಾಡುವಷ್ಟು ಹೊಟ್ಟೆ ಬಿಗಿ ಮಾಡಿ ಕೆಳಗಿಳಿಯಿರಿ. ಮೊಣಕಾಲುಗಳು ಪಾದದ ಬೆರಳುಗಳ ದಿಕ್ಕಿಗೇ ಹೋಗಬೇಕು. ತೊಡೆಯ ಸಂದು ಮೊಣಕಾಲಿನ ಮಟ್ಟಕ್ಕೆ ಬರುವವರೆಗೆ ಕೂರಿ. ಏಳುವಾಗ ಅರ್ಧ ದಾಟಿದ ಮೇಲೆ ಉಸಿರು ಬಿಡಿ. ರಕ್ತದೊತ್ತಡ ಇರುವವರು ಉಸಿರು ಕಟ್ಟದೆ, ಏಳುವಾಗ ಬಿಡುತ್ತಲೇ ಇರಬೇಕು.

ಇಲ್ಲಿ ಕೆಡುವುದು ಮೂರು ಕಡೆ. ಹಿಮ್ಮಡಿ ಏಳುತ್ತಿದ್ದರೆ ಕಾಲಿನ ಗಿಣ್ಣು ಸಾಕಷ್ಟು ಮಡಚುತ್ತಿಲ್ಲ ಎಂದರ್ಥ. ಹಿಮ್ಮಡಿಗಳಡಿ 1.25 ಅಥವಾ 2.5 ಕೆ.ಜಿ.ಯ ಪ್ಲೇಟ್ ಇಟ್ಟುಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಏಳುವಾಗ ಮೊಣಕಾಲು ಒಳಕ್ಕೆ ಕುಸಿದರೆ ತೂಕ ಜಾಸ್ತಿಯಾಗಿದೆ, 10 ಪ್ರತಿಶತ ಇಳಿಸಿ. ಕುಂಡಿ ಮೊದಲು ಎದ್ದು ಎದೆ ಕೆಳಗೇ ಉಳಿದರೆ ಸ್ಕ್ವಾಟ್ ಹೋಗಿ ಸೊಂಟದ ವ್ಯಾಯಾಮವಾಗುತ್ತದೆ. ಕಾರಣ ಬಹುಪಾಲು ಹೊಟ್ಟೆ ಬಿಗಿ ಇಲ್ಲದಿರುವುದು ಅಥವಾ ಅವಸರದಲ್ಲಿ ಕೂರುವುದು. ಈ ಮೂರೂ ಕನ್ನಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಫೋನ್ ಅನ್ನು ಸೊಂಟದ ಎತ್ತರದಲ್ಲಿ ಓರೆಯಾಗಿ ಇಟ್ಟು ಒಂದು ಸೆಟ್ ವಿಡಿಯೊ ಮಾಡಿಕೊಂಡರೆ ಕಾಣುತ್ತವೆ.

ಉಳಿದ ವ್ಯಾಯಾಮಗಳು

ರೊಮೇನಿಯನ್ ಡೆಡ್‌ಲಿಫ್ಟ್‌ನಲ್ಲಿ ಕೂರುವುದಿಲ್ಲ, ಬಾಗುತ್ತೇವೆ. ಬಾರ್ ಹಿಡಿದು ನಿಂತು, ಮೊಣಕಾಲು ತುಸು ಸಡಿಲಿಸಿ, ಬೆನ್ನ ಹಿಂದಿನ ಬಾಗಿಲನ್ನು ಕುಂಡಿಯಿಂದ ತಳ್ಳುವವರಂತೆ ಸೊಂಟವನ್ನು ಹಿಂದಕ್ಕೆ ಒಯ್ಯಬೇಕು. ಬಾರ್ ತೊಡೆಗೆ ಸವರಿಕೊಂಡೇ ಇಳಿಯಲಿ. ಕಾಲಿನಿಂದ ಒಂದು ಗೇಣು ದೂರ ಹೋದರೂ ಭಾರವೆಲ್ಲ ಕೆಳಬೆನ್ನಿಗೆ ಬೀಳುತ್ತದೆ. ತೊಡೆಯ ಹಿಂಭಾಗ ಬಿಗಿಯಾಗಿ ಎಳೆದು, ಇನ್ನೂ ಇಳಿದರೆ ಬೆನ್ನು ಗೂನಾಗುತ್ತದೆ ಎನಿಸಿದಲ್ಲಿ ನಿಲ್ಲಿಸಿ. ಹೆಚ್ಚಿನವರಿಗೆ ಅದು ಮೊಣಕಾಲಿನ ಸ್ವಲ್ಪ ಕೆಳಗೆ. ನೆಲ ಮುಟ್ಟಿಸಲೇಬೇಕೆಂಬ ಹಟ ಬೇಡ. ಮರುದಿನ ತೊಡೆಯ ಹಿಂಭಾಗಕ್ಕೆ ಬದಲು ಕೆಳಬೆನ್ನೇ ಹಿಡಿದುಕೊಂಡರೆ ಮೊಣಕಾಲು ಪೂರ್ತಿ ನೆಟ್ಟಗಿತ್ತು, ಇಲ್ಲವೇ ಬಾರ್ ದೂರ ಹೋಗಿತ್ತು.

ಬೆಂಚ್ ಪ್ರೆಸ್ ಅನ್ನು ಬಾರ್ ಬದಲು ಡಂಬೆಲ್‌ನಲ್ಲಿ ಹೇಳಿರುವುದಕ್ಕೆ ಕಾರಣವಿದೆ: ಎತ್ತಲಾಗದೆ ಹೋದರೆ ಡಂಬೆಲ್‌ಗಳನ್ನು ಪಕ್ಕಕ್ಕೆ ಇಳಿಸಬಹುದು, ಬಾರ್ ಎದೆಯ ಮೇಲೇ ಕೂರುತ್ತದೆ. ಬಾರ್‌ನಲ್ಲೇ ಮಾಡುವುದಾದರೆ ಪಕ್ಕದಲ್ಲಿ ಒಬ್ಬರಿರಲಿ ಅಥವಾ ಅಡ್ಡ ಸರಳುಗಳಿರಲಿ, ಹೆಬ್ಬೆರಳು ಬಾರ್ ಅನ್ನು ಸುತ್ತಿ ಹಿಡಿದಿರಲಿ. ಹೆಗಲ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ಸೆಳೆದು ಬೆಂಚ್‌ಗೆ ಒತ್ತಿ ಹಿಡಿಯಿರಿ. ಮೊಣಕೈ ಮೈಯಿಂದ 45ರಿಂದ 70 ಡಿಗ್ರಿ ದೂರವಿರಲಿ. ಪೂರ್ತಿ 90 ಡಿಗ್ರಿ ಅಗಲಿಸಿದವರಿಗೆ ಕೆಲವು ವಾರಗಳಲ್ಲಿ ಭುಜದ ಮುಂಭಾಗ ನೋಯಲು ಶುರುವಾಗುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗದೆ ಮೊಣಕೈಯ ನೇರಕ್ಕಿರಲಿ.

ರೋ ಮಾಡುವಾಗ ಡಂಬೆಲ್ ಅನ್ನು ಎದೆಯ ಕಡೆಗಲ್ಲ, ಸೊಂಟದ ಕಡೆಗೆ ಎಳೆಯಬೇಕು, ಮೊಣಕೈ ಮುಂದಾಳು. ಮೈ ತಿರುಚಿ ಎಳೆದರೆ ಭಾರ ಮೇಲೆ ಬರುತ್ತದೆ, ಬೆನ್ನಿಗೆ ಕೆಲಸ ಸಿಗುವುದಿಲ್ಲ. ಲ್ಯಾಟ್ ಪುಲ್‌ಡೌನ್‌ನಲ್ಲಿ ಸರಳನ್ನು ಎದೆಯ ಮೇಲ್ಭಾಗಕ್ಕೆ ತನ್ನಿ. ಕತ್ತಿನ ಹಿಂದೆ ಇಳಿಸುವುದರಿಂದ ಹೆಚ್ಚಿನ ಲಾಭವೇನಿಲ್ಲ, ಭುಜಕ್ಕೆ ಕಿರಿಕಿರಿ ಮಾತ್ರ. ಶೋಲ್ಡರ್ ಪ್ರೆಸ್‌ನಲ್ಲಿ ಬೆನ್ನು ಬಿಲ್ಲಿನಂತೆ ಬಾಗಿದರೆ ಕುಂಡಿ ಬಿಗಿಹಿಡಿಯಿರಿ, ಆದರೂ ಬಾಗಿದರೆ ತೂಕ ಇಳಿಸಿ. ಕರ್ಲ್‌ನಲ್ಲಿ ಮೊಣಕೈ ಪಕ್ಕೆಗೆ ಅಂಟಿರಲಿ. ಲಂಜ್‌ನಲ್ಲಿ ಹಿಂದಕ್ಕೆ ಹೆಜ್ಜೆ ಇಡುವುದು ಮುಂದಕ್ಕೆ ಇಡುವುದಕ್ಕಿಂತ ಮೊಣಕಾಲಿಗೆ ಹಿತ. ಪ್ಲ್ಯಾಂಕ್ 20 ಸೆಕೆಂಡ್‌ನಿಂದ ಶುರು ಮಾಡಿ 60ಕ್ಕೆ ಒಯ್ದರೆ ಸಾಕು, ಐದು ನಿಮಿಷದ ದಾಖಲೆ ಯಾರಿಗೂ ಬೇಡ.

ಏರಿಸುವ ಲೆಕ್ಕ

1940ರ ದಶಕದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಕಾಲುಗಳಿಗೆ ಬಲ ತರಲು, ಹಗುರ ತೂಕವನ್ನು ಹೆಚ್ಚು ಹೊತ್ತು ಆಡಿಸುವ ಆಗಿನ ಪದ್ಧತಿ ಬಿಟ್ಟು, ಭಾರದ ತೂಕವನ್ನು ಹಂತಹಂತವಾಗಿ ಏರಿಸುವ ದಾರಿ ಹಿಡಿದರು. ಇಂದಿನ ಎಲ್ಲ ತೂಕದ ತರಬೇತಿಯ ತಿರುಳೂ ಅದೇ ಏರಿಕೆ. ಇವತ್ತಿನ ತೂಕ ಇವತ್ತಿನ ಸ್ನಾಯುವಿಗೆ ಸವಾಲು. ಎರಡು ತಿಂಗಳ ನಂತರದ ಸ್ನಾಯುವಿಗೆ ಅದು ಮಾಮೂಲು.

ಹೊಸಬರಿಗೆ ಸುಲಭದ ದಾರಿ: ಮೊದಲು ರೆಪ್ ಏರಿಸುವುದು, ಆಮೇಲೆ ತೂಕ. 8ರಿಂದ 12 ರೆಪ್‌ನ ಮಿತಿ ಇಟ್ಟುಕೊಳ್ಳಿ. 40 ಕೆ.ಜಿ.ಯ ಸ್ಕ್ವಾಟ್ ಒಂದು ದಿನ 10, 9, 8 ಬಂತು ಎನ್ನಿ. ಮುಂದಿನ ಸಲ 11, 10, 9. ಆಮೇಲೆ 12, 11, 10. ಮೂರು ಸೆಟ್‌ನಲ್ಲೂ 12 ಬಂದ ಮರುಸಲ 42.5 ಕೆ.ಜಿ. ಹಾಕಿ. ರೆಪ್ ಮತ್ತೆ 10ರ ಆಸುಪಾಸಿಗೆ ಇಳಿಯುತ್ತದೆ, ಮತ್ತೆ ಏರಿಸುತ್ತ ಹೋಗಿ. ಕಾಲಿನ ವ್ಯಾಯಾಮಗಳಲ್ಲಿ ಮೊದಮೊದಲು 5 ಕೆ.ಜಿ. ಹಾರಿಕೆಯೂ ಒಗ್ಗಬಹುದು, ಕೈ ಭುಜಗಳಿಗೆ 2.5 ದಾಟಬಾರದು.

ಡಂಬೆಲ್‌ನಲ್ಲಿ ಒಂದು ಚೇಷ್ಟೆ ಇದೆ. 10ರಿಂದ 12.5 ಕೆ.ಜಿ.ಗೆ ಹೋಗುವುದು ಸಣ್ಣದೆನಿಸುತ್ತದೆ, ಆದರೆ ಅದು ಒಮ್ಮೆಗೇ 25 ಪ್ರತಿಶತದ ಏರಿಕೆ. 40 ಕೆ.ಜಿ. ಬಾರ್‌ಗೆ 2.5 ಸೇರಿಸಿದರೆ ಏರುವುದು 6 ಪ್ರತಿಶತ ಮಾತ್ರ. ಹಾಗಾಗಿ ಸಣ್ಣ ಡಂಬೆಲ್‌ಗಳಲ್ಲಿ 12ಕ್ಕೆ ನಿಲ್ಲಿಸದೆ 15 ರೆಪ್ ತನಕ ಹೋಗಿ, ಆಮೇಲೆ ತೂಕ ಬದಲಿಸಿ. ಇಲ್ಲದಿದ್ದರೆ ಹೊಸ ತೂಕದಲ್ಲಿ 5 ರೆಪ್‌ಗೇ ಕೈ ನಡುಗುತ್ತದೆ, ಭುಜದ ವ್ಯಾಯಾಮಗಳಲ್ಲಿ ಇದು ಇನ್ನೂ ಬೇಗ ಕಾಣುತ್ತದೆ.

ನೋಟ್‌ಬುಕ್ ಬೇಕಾಗುವುದು ಇದಕ್ಕೇ. ದಿನಾಂಕ, ವ್ಯಾಯಾಮ, ತೂಕ, ಪ್ರತಿ ಸೆಟ್‌ನ ರೆಪ್, ಕೈಯಲ್ಲಿ ಎಷ್ಟು ಉಳಿದಿತ್ತು. ಒಂದು ಸಾಲು ಸಾಕು: 'ಸ್ಕ್ವಾಟ್ 40: 11, 10, 9, ಉಳಿದದ್ದು 2'. ಮುಂದಿನ ಸಲ ಏನು ಮಾಡಬೇಕೆಂಬುದು ಆ ಸಾಲಿನಲ್ಲೇ ಇರುತ್ತದೆ. ಅದಿಲ್ಲದೆ ಹೋದವರು ಮೂರು ತಿಂಗಳಾದರೂ ಅದೇ 10 ಕೆ.ಜಿ. ಎತ್ತುತ್ತ, ವ್ಯಾಯಾಮ ಬದಲಿಸಬೇಕೇನೋ ಎಂದು ಹುಡುಕುತ್ತಿರುತ್ತಾರೆ. ಭಂಗಿ ಕೆಡಿಸಿ ಗಳಿಸಿದ ರೆಪ್ ಅನ್ನು ಮಾತ್ರ ಬರೆಯಬೇಡಿ. ಕಳೆದ ವಾರ ಪೂರ್ತಿ ಕೂತು 10, ಈ ವಾರ ಅರ್ಧ ಕೂತು 12 ಎಂದರೆ ಏರಿದ್ದು ಏನೂ ಇಲ್ಲ.

ತಿನ್ನುವುದು, ಮಲಗುವುದು

ದಿನಕ್ಕೆ ಪ್ರತಿ ಕೆ.ಜಿ. ದೇಹತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಗುರಿಯಿಡಿ. 70 ಕೆ.ಜಿ. ಇರುವವರಿಗೆ 112 ಗ್ರಾಂ. 2.2 ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 250 ಮಿ.ಲೀ. ಹಾಲಿನಲ್ಲಿ 8, 100 ಗ್ರಾಂ ಬೆಂದ ಕಾಳಿನಲ್ಲಿ 8-9, 100 ಗ್ರಾಂ ಬೆಂದ ಕೋಳಿ ಎದೆಮಾಂಸದಲ್ಲಿ 30ರಷ್ಟು ಇರುತ್ತದೆ. ಒಂದು ವಾರ ತಿಂದದ್ದನ್ನೆಲ್ಲ ಬರೆದು ಕೂಡಿಸಿದರೆ ಹೆಚ್ಚಿನವರಿಗೆ ಗೊತ್ತಾಗುವುದು, ತಾವು ಅಂದುಕೊಂಡದ್ದರ ಅರ್ಧವೂ ತಿನ್ನುತ್ತಿಲ್ಲ ಎಂದು. ಇದನ್ನು ಮೂರು-ನಾಲ್ಕು ಊಟಗಳಿಗೆ ಹಂಚಿ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೇ ಪ್ರೋಟೀನ್ ಪುಡಿ ಕಲಸಿ ಕುಡಿಯಬೇಕೆಂಬ ಧಾವಂತ ಬೇಡ, ಹಿಂದುಮುಂದಿನ ಕೆಲವು ಗಂಟೆಗಳಲ್ಲಿ ಒಂದು ಒಳ್ಳೆಯ ಊಟವಿದ್ದರೆ ಆಯಿತು. ಮೂತ್ರಪಿಂಡದ ಕಾಯಿಲೆ ಇರುವವರು ಪ್ರೋಟೀನ್ ಏರಿಸುವ ಮೊದಲು ವೈದ್ಯರನ್ನು ಕೇಳಬೇಕು.

ಸಣಕಲಾಗಿರುವವರು ಮಾಮೂಲಿಗಿಂತ ದಿನಕ್ಕೆ 200ರಿಂದ 300 ಕ್ಯಾಲೊರಿ ಹೆಚ್ಚು ತಿನ್ನಬೇಕು. ವಾರಕ್ಕೆ ದೇಹತೂಕದ ಕಾಲು ಪ್ರತಿಶತದಿಂದ ಅರ್ಧ ಪ್ರತಿಶತ ಏರಿದರೆ ಸರಿ; ಅದಕ್ಕಿಂತ ವೇಗವಾದರೆ ಏರುತ್ತಿರುವುದು ಕೊಬ್ಬು. ಮೈಯಲ್ಲಿ ಕೊಬ್ಬು ಹೆಚ್ಚಿರುವ ಹೊಸಬರು ತೂಕ ಇಳಿಸುತ್ತಲೇ ಸ್ನಾಯು ಕಟ್ಟಬಲ್ಲರು, ಪ್ರೋಟೀನ್ ತಪ್ಪದಿದ್ದರೆ. ಕೊಬ್ಬು ಸ್ನಾಯುವಾಗಿ ಬದಲಾಗುವುದಿಲ್ಲ, ಅವು ಬೇರೆಬೇರೆ ಅಂಗಾಂಶಗಳು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎನ್ನುವುದೂ ನಿಜವಲ್ಲ.

ಪೂರಕ ಪುಡಿಗಳ ಡಬ್ಬಿಗಳ ಪೈಕಿ ಹೊಸಬರು ಯೋಚಿಸಬಹುದಾದದ್ದು ಕ್ರಿಯಾಟಿನ್ ಮೊನೊಹೈಡ್ರೇಟ್ ಒಂದೇ: ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿನಲ್ಲಾದರೂ. ಮೊದಲ ವಾರಗಳಲ್ಲಿ ಒಂದು ಕೆ.ಜಿ.ಯಷ್ಟು ತೂಕ ಏರಿದರೆ ಅದು ಸ್ನಾಯುವಿನೊಳಗಿನ ನೀರು. ಊಟದಲ್ಲಿ 50 ಗ್ರಾಂ ಪ್ರೋಟೀನ್ ಇಲ್ಲದವರು ಐದು ಬಗೆಯ ಡಬ್ಬಿ ಸಾಲಾಗಿ ಇಟ್ಟುಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ನಿದ್ದೆ 7ರಿಂದ 9 ಗಂಟೆ. ಐದೇ ಗಂಟೆ ಮಲಗಿ ಬಂದ ದಿನ ನೋಟ್‌ಬುಕ್‌ನ ಅಂಕಿಗಳು ತಾವಾಗಿ ಹೇಳುತ್ತವೆ.

ತೂಕ ಎತ್ತಿದರೆ ಗಂಡಸರಂತೆ ಉಬ್ಬಿಹೋಗುತ್ತೇವೆ ಎಂದು ಹೆಂಗಸರು ಅಂಜುವ ಕಾರಣವಿಲ್ಲ. ಅವರ ಟೆಸ್ಟೋಸ್ಟೆರಾನ್ ಮಟ್ಟ ಗಂಡಸರದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಇರುವ ಸ್ನಾಯುವಿನ ಪ್ರಮಾಣಕ್ಕೆ ಹೋಲಿಸಿದರೆ ಬೆಳವಣಿಗೆ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಕಾರ್ಯಕ್ರಮವೂ ಒಂದೇ. ಹೆಂಗಸರಿಗೆ 2 ಕೆ.ಜಿ.ಯ ಬಣ್ಣದ ಡಂಬೆಲ್ ಕೊಟ್ಟು 40 ರೆಪ್ ಮಾಡಿಸುವ ರೂಢಿ ಅವರ ಸಮಯ ಹಾಳುಮಾಡುತ್ತದೆ.

ಯಾವ ನೋವು, ಯಾವಾಗ ನಿಲ್ಲಿಸಬೇಕು?

ವ್ಯಾಯಾಮದ ಮರುದಿನ ಶುರುವಾಗಿ ಎರಡನೇ ಮೂರನೇ ದಿನ ಜೋರಾಗುವ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ, ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿರುತ್ತದೆ. ಒಗ್ಗದ ಕೆಲಸದಿಂದ, ಮುಖ್ಯವಾಗಿ ತೂಕ ಇಳಿಸುವಾಗಿನ ಎಳೆತದಿಂದ ಆಗುವ ನೋವು ಅದು. ಎರಡು-ಮೂರು ವಾರದಲ್ಲಿ ತಾನಾಗಿ ಕಡಿಮೆಯಾಗುತ್ತದೆ. ನೋವು ಬಾರದಿದ್ದರೆ ಬೆಳೆಯುತ್ತಿಲ್ಲ ಎಂದೇನಲ್ಲ. ಇಂಥ ನೋವಿದ್ದಾಗ ಹಗುರ ವಾರ್ಮಪ್ ಮಾಡಿ ನೋಡಿ, ಸಡಿಲವಾದರೆ ಮುಂದುವರಿಸಿ.

ಚುಚ್ಚಿದಂತಹ ನೋವು, ಕೀಲಿನೊಳಗಿನ ನೋವು, ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ ನೋವು, ಕೈಕಾಲಿಗೆ ಇಳಿಯುವ ಜೋಮು ಬಂದರೆ ಆ ಸೆಟ್ ಅಲ್ಲೇ ನಿಲ್ಲಿಸಿ. ಎದೆ ಬಿಗಿತ, ತಲೆಸುತ್ತು ಬಂದರೆ ಆ ದಿನದ ವ್ಯಾಯಾಮವೇ ಮುಗಿಯಿತು, ವೈದ್ಯರ ಬಳಿ ಹೋಗಿ. ಮೊದಲ ದಿನಗಳಲ್ಲಿ ಅತಿಯಾಗಿ ಮಾಡಿದ ಮೇಲೆ ತೋಳು ತೊಡೆ ಊದಿಕೊಂಡು ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಡೆದ ಸ್ನಾಯುವಿನ ಅಂಶಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಅಪರೂಪ, ಆದರೆ ನಿರ್ಲಕ್ಷಿಸುವಂಥದ್ದಲ್ಲ.

ಅಂಕಿ ನಿಂತುಹೋದಾಗ

ಎರಡು ಮೂರು ತಿಂಗಳಲ್ಲಿ ಯಾವುದೋ ಒಂದು ವ್ಯಾಯಾಮ ಅಲ್ಲಾಡದೆ ಕೂರುತ್ತದೆ, ಸಾಮಾನ್ಯವಾಗಿ ಶೋಲ್ಡರ್ ಪ್ರೆಸ್ ಮೊದಲು. ಮೂರು ಸಲ ಸತತವಾಗಿ ರೆಪ್ ಏರದಿದ್ದರೆ ಮೊದಲು ನಿದ್ದೆ, ಊಟ, ಸೆಟ್‌ಗಳ ನಡುವಿನ ಬಿಡುವು ನೋಡಿ. ಅವು ಸರಿಯಿದ್ದರೆ ಆ ಒಂದು ವ್ಯಾಯಾಮದ ತೂಕವನ್ನು 10 ಪ್ರತಿಶತ ಇಳಿಸಿ ಮತ್ತೆ ಏರಿಸುತ್ತ ಬನ್ನಿ. ಎಲ್ಲ ವ್ಯಾಯಾಮಗಳೂ ಒಟ್ಟಿಗೆ ನಿಂತು, ಜಿಮ್‌ಗೆ ಹೋಗಲೇ ಮನಸ್ಸಿಲ್ಲ ಎನಿಸಿದರೆ ಒಂದು ವಾರ ಅದೇ ತೂಕದಲ್ಲಿ ಅರ್ಧದಷ್ಟೇ ಸೆಟ್ ಮಾಡಿ. ಆಯಾಸ ಇಳಿದ ಮೇಲೆ ಅಂಕಿಗಳು ಸಾಮಾನ್ಯವಾಗಿ ಮತ್ತೆ ಕದಲುತ್ತವೆ. ಆಗಲೂ ಒಂದು ಸ್ನಾಯು ಹಿಂದೆ ಬಿದ್ದಿದೆ ಎನಿಸಿದರೆ ಅದಕ್ಕೆ ವಾರಕ್ಕೆ ಎರಡು ಸೆಟ್ ಸೇರಿಸಿ, ನಾಲ್ಕು ವಾರ ನೋಡಿ.

ಕಾಯಿಲೆಯಿಂದಲೋ ಕೆಲಸದಿಂದಲೋ ಒಂದು ವಾರ ತಪ್ಪಿದರೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಮೂರು-ನಾಲ್ಕು ವಾರ ತಪ್ಪಿದರೆ 15ರಿಂದ 20 ಪ್ರತಿಶತ ಇಳಿಸಿ. ಹಲವು ತಿಂಗಳಾಗಿದ್ದರೆ ಹಳೆಯ ತೂಕದ ಅರ್ಧದಿಂದ, ಎರಡೆರಡೇ ಸೆಟ್‌ನಿಂದ ಶುರು ಮಾಡಿ. ಒಮ್ಮೆ ಬೆಳೆದ ಸ್ನಾಯು ಎರಡನೇ ಸಲ ಬೇಗ ಮರಳುತ್ತದೆ, ಆದರೆ ಹಳೆಯ ನೋಟ್‌ಬುಕ್ ನೋಡಿ ಮೊದಲ ದಿನವೇ ಹಳೆಯ ತೂಕಕ್ಕೆ ಕೈ ಹಾಕಬೇಡಿ. ಬಿಡುವಿನ ನಂತರದ ಮೊದಲ ವಾರವೇ ಅತಿ ಹೆಚ್ಚು ನೋವು ಬರುವ ವಾರ.